ಕರಿ ಅಂಚಿನ ಲಕೋಟೆ

ಟೈಪಿಂಗ್ ಕಲಿಯುವ ಹುಡುಗರು ಆಗಾಗ ನನ್ನ ಮನೆಯ ಮೆಟ್ಟಿಲು ಹತ್ತಿ ಬರುತ್ತಾರೆ. “ರಾಘಣ್ಣ ಕಾಕಾ, ನಿಮಿಷಕ್ಕ ಎಷ್ಟು ಶಬ್ದ ಹೊಡೀತಿದ್ರಿ?” ಎಂಬುದು ಅವರ ಮೊದಲ ಪ್ರಶ್ನೆ. ಸಾಹೇಬರನ್ನು ಒಲಿಸಿಕೊಳ್ಳುವುದು ಹೇಗೆ ಎಂಬುದು ಎರಡನೆಯದು. ವೇಗ ರೂಢಿಯಿಂದ ಬರುತ್ತದೆ, ಅದಕ್ಕೆ ನನ್ನ ಉಪದೇಶ ಬೇಕಿಲ್ಲ. ಸಾಹೇಬರಂತೂ ಯಾರಿಗೂ ಒಲಿಯುವುದಿಲ್ಲ. ಕೆಲಸ ಇರುವ ತನಕ ಒಲಿದಂತೆ ಕಾಣುತ್ತಾರೆ. ಈ ಹುಡುಗರು ಕೇಳಬೇಕಾದ, ಆದರೆ ಒಬ್ಬನೂ ಕೇಳದ ಪ್ರಶ್ನೆ ಬೇರೆಯೇ ಇದೆ. ಯಾರೋ ಆಡದ ಮಾತನ್ನು ಆಡಿದರೆಂದು ಟೈಪು ಮಾಡು ಎಂದು ಸಾಹೇಬರು ಹೇಳಿದರೆ ಏನು ಮಾಡಬೇಕು?

ನನಗೆ ಆ ಪ್ರಸಂಗ ಬಂದಿತ್ತು. ದೂರದ ಅಮೇರಿಕೆಯ ಒಬ್ಬ ಮುದುಕಿ ಪುಣೆಯ ತನ್ನ ಗೆಳತಿಗೆ ಬರೆದ ಕೊನೆಯ ಪತ್ರವನ್ನು, ಆ ಮುದುಕಿ ಸತ್ತು ಎಷ್ಟೋ ವರ್ಷಗಳಾದ ಮೇಲೆ, ಅದೇ ಪುಣೆಯ ಭಾಂಬುರ್ಡಾದ ಬಂಗಲೆಯಲ್ಲಿ ಕೂತು ಒಬ್ಬ ಪಂಡಿತರು ಬರೆದರು. ನೆನೆದರೆ ಇಂದಿಗೂ ಪಿತ್ತ ನೆತ್ತಿಗೇರುತ್ತದೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬ ಯಾವ ಪ್ರಶಸ್ತಿಪತ್ರ ಕೊಟ್ಟ ಎಂಬುದನ್ನು ತಿಳಿಯಬಯಸುವವರು ಬೇರೆ ಯಾರನ್ನಾದರೂ ಕೇಳಲಿ.

ಮೊದಲು ನನ್ನ ಗುರುಗಳ ವಿಷಯ ಹೇಳಬೇಕು. ಧಾರವಾಡದಿಂದ ಪುಣೆಗೆ ಬಂದಾಗ ನಾನು ಸೇರಿಕೊಂಡದ್ದು ಮುಧೋಳ ವಕೀಲರ ಬಳಿ. ಬಾಯಿ ಬಿಟ್ಟರೆ ಬೈಗುಳ. ಎಲೆಯಡಿಕೆಯ ಕೆಂಪು ಅವರ ಶರ್ಟಿನ ಮೇಲೂ ಇರುತ್ತಿತ್ತು, ನಮ್ಮ ಕಾಗದಗಳ ಮೇಲೂ ಇರುತ್ತಿತ್ತು. ಆಗಿನ್ನೂ ಕೈಬರಹದ ಕಾಲ. ಟೈಪ್‌ರೈಟರ್ ಬಂದ ಹೊಸದರಲ್ಲಿ ಅದನ್ನು ಮುಟ್ಟಲು ನಮ್ಮ ಹಿರಿಯ ಕಾರಕೂನರು ಒಪ್ಪಲಿಲ್ಲ. ಅಕ್ಷರಕ್ಕೆ ಕೈಗುಣ ಇರಬೇಕು, ಕಬ್ಬಿಣದ ಗುಣ ಏಕೆ ಎಂದರು. ಕಾರ್ಬನ್ ಕಾಗದವನ್ನು ತಿರುವಿಟ್ಟು, ಇಡೀ ಅರ್ಜಿ ಅದೇ ಹಾಳೆಯ ಬೆನ್ನ ಮೇಲೆ ಉಲ್ಟಾ ಮೂಡಿ, ಅದನ್ನು ಕನ್ನಡಿ ಹಿಡಿದು ಓದಿದ ದಿನಗಳೂ ಇದ್ದವು. ಅದಕ್ಕೆಲ್ಲ ವಕೀಲರು ಬೈದರು, ಆದರೆ ಮಧ್ಯಾಹ್ನದ ಹೊತ್ತಿಗೆ ಮರೆತರು.

ಒಂದು ವಿಷಯವನ್ನು ಮಾತ್ರ ಅವರು ಮರೆಯಲಿಲ್ಲ. ಆಸ್ತಿಯ ತಕರಾರಿನಲ್ಲಿ ಒಬ್ಬ ಮುದುಕಿಯ ಹೇಳಿಕೆ ಬರೆದುಕೊಳ್ಳುವಾಗ, “ಸಹಿ ನಿಮ್ಮದೇನು?” ಎಂಬ ಪ್ರಶ್ನೆಗೆ ಆಕೆ ಉತ್ತರ ಕೊಡದೆ ಕೂತಳು. ನನ್ನ ಜೊತೆಗಾರ ಪಾಂಡುರಂಗ, ಹೇಗೂ ಸಹಿ ಅವಳದೇ ಎಂದು, “ಹೌದು” ಎಂದು ಬರೆದುಬಿಟ್ಟ. ವಕೀಲರು ಓದಿದರು. ಕಾಗದವನ್ನು ಅವನ ಮುಖಕ್ಕೆ ಎಸೆದರು.

“ಆಕಿ ಹೌದು ಅಂದ್ಳೇನೋ?”

“ಇಲ್ರಿ. ಸುಮ್ಮನ ಕೂತ್ಲು.”

“ಮತ್ತ ಸುಮ್ಮನಿದ್ಲು ಅಂತ ಬರಿ! ಆಕಿ ಬಾಯಾಗ ನಿನ್ನ ನಾಲಿಗಿ ಯಾಕ ಇಡ್ತೀ?”

ಪಾಂಡುರಂಗ ಅಂದೇ ಗಂಟುಮೂಟೆ ಕಟ್ಟಿದ. ನನಗೆ ಆ ಬೈಗುಳ ಎದೆಗೆ ನಾಟಿತು. ಕೇಳಿಸದ ಮಾತಿಗೆ ಜಾಗ ಖಾಲಿ ಬಿಡಬೇಕು, ಆಮೇಲೆ ಕೇಳಬೇಕು, ಉತ್ತರ ಸಿಗದಿದ್ದರೆ ಆ ಜಾಗ ಖಾಲಿಯೇ ಇರಬೇಕು. ಸ್ಟೆನೋ ಕೆಲಸದ ಧರ್ಮ ಇಷ್ಟೇ. ಉಳಿದದ್ದೆಲ್ಲ ಬೆರಳಿನ ಕಸರತ್ತು.

ವಕೀಲರು ತೀರಿಕೊಂಡ ಮೇಲೆ ಕಚೇರಿ, ಕಂಪನಿ, ಲಷ್ಕರಿನ ಗೋರಾ ಸಾಹೇಬರು ಎಂದು ಹಲವು ಬಾಗಿಲು ತಿರುಗಿದೆ. ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳುವ ಸಾಹೇಬನೊಬ್ಬನಿದ್ದ. ಅವನು ಆ ತುದಿಗೆ ಹೋದಾಗ ಹೇಳಿದ್ದು ಗಾಳಿಗೆ, ಈ ತುದಿಗೆ ಬಂದಾಗ ಹೇಳಿದ್ದು ನನಗೆ. ಖಾಲಿ ಬಿಟ್ಟ ಜಾಗಗಳನ್ನು ತೋರಿಸಿದರೆ ಕೆಂಪಗಾಗುತ್ತಿದ್ದ, ಆದರೆ ತಾನೇ ತುಂಬಿಸಿಕೊಡುತ್ತಿದ್ದ. ಆ ಪರದೇಶಿಗೆ ಇದ್ದ ನಿಯತ್ತು ನಮ್ಮ ಹುದ್ದಾರ ಪ್ರೊಫೆಸರರಿಗೆ ಇರಲಿಲ್ಲ.

ಹುದ್ದಾರ ಪ್ರೊಫೆಸರರು ನಮ್ಮ ಧಾರವಾಡದ ಕಡೆಯವರೇ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮಾತು ಜೇನು, ಜರಿಯ ರುಮಾಲು, ಊರಲ್ಲಿ ಯಾವ ಸಭೆಯಾದರೂ ಅಧ್ಯಕ್ಷರು. ಕಳೆದ ಶತಮಾನದ ಅಮೇರಿಕನ್ ಕವಿಯೊಬ್ಬಳ ಕೊನೆಗಾಲದ ಪತ್ರಗಳನ್ನು ಕೂಡಿಸಿ ಪುಸ್ತಕ ಮಾಡಲು ಹೊರಟಿದ್ದರು. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಟೈಪಿಸ್ಟ್ ಬೇಕೆಂದು ನನ್ನನ್ನು ಇಟ್ಟುಕೊಂಡರು. ಆ ಕವಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಹೋಗಿ ಆ ಪುಸ್ತಕ ಹುಡುಕುತ್ತೀರಿ, ಆ ಸುಳ್ಳಿಗೆ ಇನ್ನೊಬ್ಬ ಓದುಗ ಸಿಕ್ಕಂತಾಗುತ್ತದೆ.

ಪತ್ರಗಳು ಇದ್ದದ್ದು ಭಾಗಕ್ಕನ ಬಳಿ. ಭಾಗೀರಥಿಬಾಯಿ ಎಂಬುದು ಶಾಲೆಯ ಹೆಸರು. ಪುಣೆಯ ಕನ್ನಡ ಮನೆಗಳಿಗೆಲ್ಲ ಆಕೆ ಭಾಗಕ್ಕ. ಬೆಳಗಾವಿ ಕಡೆಯ ಹೆಣ್ಣು, ಸದಾಶಿವಪೇಠದ ವಾಡೆಗೆ ಸೊಸೆಯಾಗಿ ಬಂದು, ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡು, ಅತ್ತೆಯ ಕಣ್ಣೆದುರೇ ಓದು ಕಲಿತು ಮಾಸ್ತರಬಾಯಿ ಆದವಳು. ಇಂಗ್ಲಿಷ್ ಕಲಿಸಲು ಬರುತ್ತಿದ್ದ ಅಮೇರಿಕನ್ ಮಿಶನರಿ ಹೆಂಗಸು, ಅಭ್ಯಾಸಕ್ಕೆಂದು ತನ್ನ ಊರಿನ ಯಾರಿಗಾದರೂ ಒಂದು ಪತ್ರ ಬರೆ ಎಂದು ಹೇಳಿ, ಆ ಮುದುಕಿಯ ವಿಳಾಸ ಕೊಟ್ಟಳಂತೆ. ಮುದುಕಿ ಕವಿ ಎಂಬುದು ಭಾಗಕ್ಕನಿಗೆ ಗೊತ್ತೇ ಇರಲಿಲ್ಲ. ಉತ್ತರ ಬಂತು. ತಪ್ಪು ತಿದ್ದಿರಲಿಲ್ಲ, ಉಪದೇಶವಿರಲಿಲ್ಲ. ನಿಮ್ಮ ಅಡಿಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿತ್ತು.

ಪತ್ರಗಳನ್ನು ಮನೆಯ ಹೊಸ್ತಿಲು ದಾಟಿಸಲು ಭಾಗಕ್ಕ ಒಪ್ಪಲಿಲ್ಲ. ಹಾಗಾಗಿ ನಾನೇ ಟೈಪ್‌ರೈಟರನ್ನು ಟಾಂಗಾದಲ್ಲಿ ಹೇರಿಕೊಂಡು ನದಿಯ ಲಕಡಿ ಪೂಲ ದಾಟಿ ಆ ವಾಡೆಗೆ ಹೋಗುತ್ತಿದ್ದೆ. ಮುಂಭಾಗದ ಪಡಸಾಲೆಯಲ್ಲಿ ಕೂತು ಟೈಪು ಮಾಡುತ್ತಿದ್ದೆ. ಆಕೆ ಪಕ್ಕದಲ್ಲಿ ಅಕ್ಕಿ ಆರಿಸುತ್ತ, ಆ ಕವಿಯ ಅಕ್ಷರ ನನಗೆ ತಿಳಿಯದೆಡೆ ಓದಿ ಹೇಳುತ್ತಿದ್ದಳು. ಆಕೆ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ನನಗೂ ಅಜ್ಜಿಯೇ ಆದಳು.

ಅಂಥ ಪತ್ರಗಳನ್ನು ನಾನು ಮತ್ತೆ ಟೈಪು ಮಾಡಲಿಲ್ಲ. ಹರೆಯದಲ್ಲಿ ಅವಳ ಮನೆಗೆ ಎಡತಾಕುತ್ತಿದ್ದ ದೊಡ್ಡ ಸಾಹಿತಿಗಳು ಕೆಲವರು ಸತ್ತಿದ್ದರು, ಉಳಿದವರು ಮರೆತಿದ್ದರು. ಕೊನೆಗಾಲದಲ್ಲಿ ಅವಳಿಗೆ ಉಳಿದ ಗೆಳೆಯರೆಂದರೆ ಹಾಲು ತರುವವನು, ಜೋರಾಗಿ ಕೂಗಿದರಷ್ಟೇ ಕೇಳಿಸುವ ಒಬ್ಬ ಸ್ಟೇಷನ್ ಮಾಸ್ತರ, ಬೆಕ್ಕಿನ ವಿಷಯಕ್ಕೆ ಜಗಳವಾಡಿ ಮತ್ತೆ ಒಂದಾದ ನೆರೆಮನೆಯಾಕೆ, ಮತ್ತು ಸಮುದ್ರದಾಚೆಯ ನಮ್ಮ ಭಾಗಕ್ಕ. ಹಲ್ಲುನೋವು, ಹಿಮ, ಸ್ಟೇಷನ್ ಮಾಸ್ತರ ಚದುರಂಗದಲ್ಲಿ ಮಾಡುವ ಮೋಸ, ಇವೇ ಸುದ್ದಿ. ಒಮ್ಮೆ ಅಜ್ಜಿ ಹಿಂದೂ ವಿಧವೆಯ ಮೇಲೆ ಕನಿಕರದ ಪದ್ಯವೊಂದನ್ನು ಬರೆದು ಕಳಿಸಿದಳು. ಭಾಗಕ್ಕ ಸಿಡಿದಳು. ‘ನಿಮ್ಮ ಕನಿಕರ ನಾ ಬೇಡಿದ್ದೆನೆ?’ ಎಂದು ಮೂರೇ ಸಾಲು ಬರೆದಳು. ಬಹಳ ದಿನ ಆ ಕಡೆಯಿಂದ ಪತ್ರವಿಲ್ಲ. ಆಮೇಲೆ ಬಂತು: ಪದ್ಯವನ್ನು ಒಲೆಗೆ ಹಾಕಿದೆ, ಚೆನ್ನಾಗಿ ಉರಿಯಿತು, ಈಗ ಹೇಳು, ಅತ್ತೆಯ ಮೊಣಕಾಲು ಹೇಗಿದೆ?

ಈ ಜಗಳದ ಪತ್ರಗಳನ್ನು ಓದಿ ನಾನು ಟೈಪ್‌ರೈಟರ್ ಬಿಟ್ಟು ನಕ್ಕಿದ್ದೆ. ಪ್ರೊಫೆಸರರು ಓದಿ ಕೆಂಪು ಪೆನ್ಸಿಲ್ ಎಳೆದರು. “ಇವೆಲ್ಲ ಬ್ಯಾಡ. ಓದೋರಿಗೆ ಕವಿ ಬೇಕು, ಹಲ್ಲುನೋವಲ್ಲ.” ಹಾಲಿನವನು ಹೋದ, ಸ್ಟೇಷನ್ ಮಾಸ್ತರ ಹೋದ. ಭಾಗಕ್ಕನ ಹೆಸರೂ ಹೋಗಿ ‘ಒಬ್ಬ ಹಿಂದೂ ವಿಧವೆ’ ಎಂದಾಯಿತು. ಪುಸ್ತಕದ ತಲೆಬರಹ ಮಾತ್ರ ಸ್ನೇಹದ ಮೇಲೆಯೇ! ಸ್ನೇಹಿತರನ್ನೆಲ್ಲ ಹೊರಗೆ ಹಾಕಿ ಬಾಗಿಲಿಗೆ ಸ್ನೇಹಭವನ ಎಂದು ಹಲಗೆ ಬರೆಸಿದ ಹಾಗೆ.

ಅಷ್ಟನ್ನೂ ನಾನು ನುಂಗಿಕೊಂಡೆ. ಪುಸ್ತಕ ಅವರದು, ಯಾವುದನ್ನು ಬಿಡಬೇಕೆಂಬುದು ಸಂಪಾದಕರ ಅಧಿಕಾರ. ಆದರೆ ಪತ್ರಗಳ ಕಟ್ಟು ಮುಗಿಯುತ್ತ ಬಂದಾಗ ಅವರು ಕೇಳಿದರು, “ಕೊನೀ ಪತ್ರ ಎಲ್ಲೆದ?”

ಇರಲಿಲ್ಲ. ಏಕೆ ಇರಲಿಲ್ಲ ಎಂಬುದನ್ನು ಭಾಗಕ್ಕ ನನಗೆ ಹಿಂದೆಯೇ ಹೇಳಿದ್ದಳು. ಒಂದು ದಿನ ಟಪಾಲಿನವನು ಕರಿ ಅಂಚಿನ ಲಕೋಟೆ ತಂದ. ಇಂಗ್ಲಿಷರ ಕಡೆ ಸಾವಿನ ಸುದ್ದಿಗೆ ಹಾಗೆ ಕರಿ ಅಂಚು ಹಾಕುತ್ತಾರೆ. ಒಳಗೆ ಅಜ್ಜಿಯ ಸೋದರಸೊಸೆ ಬರೆದ ಸಾವಿನ ಸುದ್ದಿ, ಅದರೊಂದಿಗೆ ಅಜ್ಜಿ ಅರ್ಧಕ್ಕೆ ಬಿಟ್ಟ ಪತ್ರ. ಭಾಗಕ್ಕನ ಅತ್ತೆ ಮಡಿಹೆಂಗಸು. ಅಷ್ಟು ವರ್ಷವೂ ಆ ಪತ್ರಗಳನ್ನು ಮ್ಲೇಚ್ಛರ ಕಾಗದ ಎಂದು ಮುಟ್ಟದೆ, ಒಲೆಯ ಹತ್ತಿರ ಸುಳಿಯಗೊಡದೆ ಇದ್ದವರು. ಅಂದು ಬಾಗಿಲಲ್ಲಿ ನಿಂತು ಕೇಳಿದರು.

“ಹೋದ್ಲೇನ, ನಿಮ್ಮ ಅಜ್ಜಿ?”

“ಹೂಂ ಅತ್ತಿ.”

“ಓದಿದ್ಯಾ ಪೂರ್ತಿ? ಮತ್ತ ಹರಿ. ಹೊಸ್ತಿಲಾ ದಾಟಿಸಿ ಒಗದು ಬಾ. ಉಟ್ಟ ಸೀರಿ ಮ್ಯಾಲೆ ನೀರು ಹಾಕ್ಕೋ.” ಒಳಗೆ ಹೊರಟು, “ನಾನೂ ಹಾಕ್ಕೋತೀನಿ” ಎಂದರಂತೆ.

ನಮ್ಮಲ್ಲಿ ಸಾವಿನ ಪತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿದ ಕೂಡಲೇ ಹರಿದು ಹೊರಗೆ ಹಾಕುತ್ತಾರೆ, ಸ್ನಾನ ಮಾಡುತ್ತಾರೆ. ಆದರೆ ಆ ಸ್ನಾನ ಸತ್ತವರು ನಮ್ಮವರಾಗಿದ್ದರೆ ಮಾತ್ರ. ಯಾರೋ ಬೀದಿಯವರು ಸತ್ತರೆ ಯಾರೂ ನೀರು ಹಾಕಿಕೊಳ್ಳುವುದಿಲ್ಲ. ಆ ಮುದುಕಿಯನ್ನು ಬದುಕಿರುವಾಗ ಒಂದು ದಿನವೂ ಒಳಗೆ ಬಿಟ್ಟುಕೊಳ್ಳದ ಅತ್ತೆ, ಸತ್ತ ದಿನ ಮನೆಯವಳೆಂದು ಒಪ್ಪಿದರು. ಭಾಗಕ್ಕ ಇದನ್ನು ಹೇಳುವಾಗ ಅಕ್ಕಿಯ ಮೊರ ಕೆಳಗಿಟ್ಟಿದ್ದಳು.

ಸಾವಿನ ಸುದ್ದಿಯೊಂದಿಗೇ ಹರಿದುಹೋದ ಆ ಅರ್ಧ ಪತ್ರದಲ್ಲಿ ಏನಿತ್ತೆಂದು ನಾನು ಕೇಳಿದೆ. ಭಾಗಕ್ಕ ಕಳಿಸಿದ ಹುಣಸೆಬೀಜವನ್ನು ಅಜ್ಜಿ ಕಿಟಕಿಯ ಕುಂಡದಲ್ಲಿ ಹಾಕಿದ್ದಳಂತೆ. ಒಂದು ಮೊಳಕೆ ಬಂದು ಕೊಳೆತುಹೋಯಿತು, ನಿನ್ನ ಬೀಜಕ್ಕೆ ನಮ್ಮ ಚಳಿ ತಡೆಯುವ ಎದೆ ಇಲ್ಲ ಎಂದು ಬೈದಿದ್ದಳಂತೆ. ಇನ್ನೂ ಇತ್ತು. ನಾನು ಪ್ಯಾಡ್ ತೆರೆದು, “ಹೇಳ್ರಿ ಭಾಗಕ್ಕ, ಬರಕೋತೀನಿ” ಎಂದೆ. ಆಕೆ ತಲೆ ಅಲ್ಲಾಡಿಸಿದಳು.

“ಬ್ಯಾಡ ರಾಘಣ್ಣ. ಹರದದ್ದನ್ನ ಮತ್ತ ಬರೀಬಾರದು. ನನಗ ಬಾಯಿಪಾಠ ಅದ, ಸಾಕು. ಪುಸ್ತಕದಾಗ ಇಷ್ಟೇ ಹಾಕ್ಲಿಕ್ಕೆ ಹೇಳು: ಕೊನೀ ಪತ್ರ ಮನೀ ಮಂದಿ ಹರದು ಹಾಕಿದ್ರು ಅಂತ.”

ನಾನು ಪ್ಯಾಡ್ ಮುಚ್ಚಿದೆ. ಪ್ರೊಫೆಸರರಿಗೆ ಆ ಒಂದು ಸಾಲನ್ನು ಒಪ್ಪಿಸಿದೆ.

ಅವರು ಕೂಗಾಡಿದರು. ಮೂಢನಂಬಿಕೆ, ಅಜ್ಞಾನ, ಕೈಗೆ ಬಂದ ತುತ್ತು ಬಾಯಿಗಿಲ್ಲ, ಜಗತ್ತಿನ ಸಾಹಿತ್ಯಕ್ಕೆ ನಷ್ಟ. ಕೂಗಿ ದಣಿದ ಮೇಲೆ ಶಾಂತರಾದರು. ಅವರ ಕೂಗಿಗಿಂತ ಆ ಶಾಂತಿಯೇ ಕೆಟ್ಟದ್ದೆಂದು ನನಗೆ ಆಮೇಲೆ ತಿಳಿಯಿತು. ಮರುದಿನ ಭಾಗಕ್ಕನನ್ನು ತಮ್ಮ ಭಾಂಬುರ್ಡಾದ ಬಂಗಲೆಗೆ ಕರೆಸಿದರು. ಚಹ ತರಿಸಿದರು. ತಮ್ಮ ಕೈಯಲ್ಲಿ ಬರೆದ ಎರಡು ಹಾಳೆಗಳನ್ನು ತೆಗೆದು, ಗಂಟಲು ಸರಿಮಾಡಿಕೊಂಡು ಓದಿದರು. ಅದೇ ಅಜ್ಜಿಯ ಕೊನೆಯ ಪತ್ರವಂತೆ! ಪೂರ್ವದ ಬೆಳಕಿಗೆ ನಮಸ್ಕಾರವಂತೆ, ಪವಿತ್ರ ಗಂಗೆಯ ದಡದಲ್ಲಿ ತನ್ನ ಆತ್ಮ ವಿಶ್ರಮಿಸಲಿ ಎಂಬ ಆಸೆಯಂತೆ, ಭಾರತದ ವಿದ್ವಾಂಸರು ಜಗತ್ತಿಗೆ ದಾರಿ ತೋರಿಸಲಿ ಎಂಬ ಹಾರೈಕೆಯಂತೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಓದಿ ಮುಗಿಸಿ, ಭಾಗಕ್ಕನ ಕಣ್ಣಲ್ಲಿ ನೀರು ಬಂತೇ ಎಂದು ನೋಡಿದರು.

ಭಾಗಕ್ಕ ಚಹದ ಕಪ್ಪನ್ನು ಮುಟ್ಟಿರಲಿಲ್ಲ.

“ಇದು ಯಾರು ಬರದದ್ರಿ?”

“ಭಾವ ಅವರದೇ, ಭಾಗೀರಥಿಬಾಯಿ. ಹಿಂಗ ಬರದಿರ್ತಾರ. ಶಬ್ದ ಅಷ್ಟ ನಂದು.”

“ಪ್ರೊಫೆಸರ, ಸಾಯೋರ ಬಾಯಾಗ ನೀರು ಬಿಡ್ತಾರ್ರಿ. ಮಾತು ಬಿಡಂಗಿಲ್ಲ.”

ಅಷ್ಟು ಹೇಳಿ ಎದ್ದು ನಡೆದಳು. ಪ್ರೊಫೆಸರರು ನಕ್ಕರು. ಹೆಂಗಸರು ಭಾವುಕರು, ಪುಸ್ತಕ ಕಂಡರೆ ಖುಷಿಯಾಗುತ್ತಾರೆ ಎಂದರು. ಆ ಎರಡು ಹಾಳೆಗಳನ್ನು ನನ್ನತ್ತ ಚಾಚಿದರು.

“ನಾ ಇದನ್ನ ಟೈಪ್ ಮಾಡಂಗಿಲ್ರಿ.”

“ಯಾಕ್ರಿ? ನೀವೇನು ಸಂಪಾದಕರೇನು? ನೀವು ಬೆರಳು. ಬೆರಳಿಗೆ ಅಭಿಪ್ರಾಯ ಇರಂಗಿಲ್ಲ.”

“ಬೆರಳು ನನ್ನವು ಅವ್ರಿ” ಎಂದು ಟೈಪ್‌ರೈಟರಿಗೆ ಮುಸುಕು ಹಾಕಿ ಹೊರಬಿದ್ದೆ. ಕೆಲಸ ಹೋಯಿತು. ಇನ್ನೊಬ್ಬ ಬೆರಳು ಸಿಗಲು ಅವರಿಗೆ ಎರಡು ದಿನವೂ ಬೇಕಾಗಲಿಲ್ಲ. ಇದನ್ನು ನನ್ನ ಶೌರ್ಯವೆಂದು ಹುಡುಗರು ತಿಳಿಯಬಾರದು. ನನ್ನಿಂದ ಆ ಸುಳ್ಳು ಒಂದು ಗಳಿಗೆಯೂ ನಿಲ್ಲಲಿಲ್ಲ.

ಪುಸ್ತಕ ಬಂತು. ಮೆರೆಯಿತು. ಪತ್ರಿಕೆಗಳವರು ಆ ಕೊನೆಯ ಪತ್ರವನ್ನೇ ಎತ್ತಿ ಅಚ್ಚು ಹಾಕಿದರು. ಯಾರೋ ಅದನ್ನು ಮರಾಠಿಗೆ ತಂದರು, ಮತ್ತೊಬ್ಬರು ಕನ್ನಡಕ್ಕೆ ತಂದರು. ಶಾಲೆಯ ಹುಡುಗಿಯರು ಸಮ್ಮೇಳನಗಳಲ್ಲಿ ಕೈ ಜೋಡಿಸಿ ರಾಗವಾಗಿ ಒಪ್ಪಿಸತೊಡಗಿದರು. ಭಾಗಕ್ಕ ತನ್ನದೇ ಶಾಲೆಯಲ್ಲಿ ಕೂತು ಅದನ್ನು ಕೇಳಬೇಕಾಯಿತು. ಸುಳ್ಳು ಎಂದು ಹೇಳಿದರೆ, ಹಾಗಾದರೆ ನಿಜವಾದ ಪತ್ರ ತೋರಿಸಿ ಎನ್ನುತ್ತಿದ್ದರು. ತೋರಿಸಲು ಏನಿತ್ತು? ಪ್ರೊಫೆಸರರಿಗೆ ಅದು ಚೆನ್ನಾಗಿ ಗೊತ್ತಿತ್ತು. ಆಕೆಯ ಮನೆಯ ದುಃಖವೇ ಅವರ ಕಳ್ಳತನಕ್ಕೆ ಕನ್ನ ಕೊರೆದುಕೊಟ್ಟಿತ್ತು.

ಇದಕ್ಕಿಂತ ಕೆಟ್ಟದ್ದು ಮುಂದಿತ್ತು. ನಿವೃತ್ತಿಯ ನಂತರ ಭಾಗಕ್ಕ ತಳೇಗಾಂವದಲ್ಲಿ ತಂಗಿಯ ಮಗಳ ಮನೆಯಲ್ಲಿ ಇದ್ದಳು. ಅಲ್ಲಿಯ ಗಾಳಿ ಎದೆಗೆ ಒಳ್ಳೆಯದೆಂದು ಹೇಳುತ್ತಿದ್ದರು. ನಾನು ರೈಲು ಹತ್ತಿ ಹೋಗಿ ಮಾತಾಡಿಸಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಆಕೆ ಜಗಲಿಯ ಮೇಲೆ ಕೂತಿದ್ದಳು.

“ರಾಘಣ್ಣ, ಹುಣಸಿಬೀಜದ ಮಾತು ಆದ ಮ್ಯಾಲೆ ಅಜ್ಜಿ ಏನು ಬರದಿದ್ಲು? ನಿನಗ ಹೇಳಿದ್ನೇನು?”

“ಇಲ್ಲ ಭಾಗಕ್ಕ. ಬ್ಯಾಡ ಅಂದಿದ್ರಿ.”

“ನೆನಪು ಮಾಡ್ಕೊಳ್ಳಿಕ್ಕೆ ಹೋದ್ರ ಬರೇ ಆ ಹುಡುಗ್ಯಾರ ರಾಗ ಕೇಳಸ್ತದೋ. ಪೂರ್ವದ ಬೆಳಕು, ಪೂರ್ವದ ಬೆಳಕು. ಅಜ್ಜಿ ಮಾತು ಸಿಗವಲ್ಲವು.”

ಆಕೆ ಅಳಲಿಲ್ಲ. ಅತ್ತಿದ್ದರೆ ನನ್ನ ಸಿಟ್ಟು ಅಲ್ಲಿಗೇ ಕರಗುತ್ತಿತ್ತೋ ಏನೋ. ಕಾಗದವನ್ನು ಹರಿದವರು ಮನೆಯವರು, ಅದು ಪ್ರೀತಿಯಿಂದ ಹರಿದದ್ದು, ಆಕೆಯ ಎದೆಯಲ್ಲಿ ಅದು ಇಡಿಯಾಗಿಯೇ ಇತ್ತು. ಅಲ್ಲಿಂದಲೂ ಅದನ್ನು ಕಿತ್ತು ಹಾಕಿದ್ದು ಜರಿರುಮಾಲಿನ ಆ ಮನುಷ್ಯ. ಸಾಹಿತ್ಯಸೇವೆಯ ಹೆಸರಿನಲ್ಲಿ ಒಬ್ಬ ಮುದುಕಿಯ ನೆನಪನ್ನು ಕದ್ದವನನ್ನು ಯಾವ ಕೋರ್ಟಿಗೆ ಎಳೆಯಬೇಕು? ಮುಧೋಳ ವಕೀಲರು ಇದ್ದಿದ್ದರೆ ಕಾಯ್ದೆಯ ಕಲಮು ಹುಡುಕುತ್ತಿದ್ದರು, ಸಿಗದಿದ್ದರೆ ಕಪಾಳಕ್ಕಾದರೂ ಹೊಡೆಯುತ್ತಿದ್ದರು.

ಕಳೆದ ಮಾಗಿಯಲ್ಲಿ ತಳೇಗಾಂವದಿಂದ ಕಾರ್ಡು ಬಂತು. ಭಾಗಕ್ಕ ಹೋದಳು. ನಾನು ಬಾಗಿಲಲ್ಲೇ ನಿಂತು ಓದಿದೆ, ಹರಿದೆ, ಚೂರುಗಳನ್ನು ಬೀದಿಗೆ ಹಾಕಿದೆ. ಹಂಡೆಯ ಕಡೆ ನಡೆದಾಗ ಮನೆಯಾಕೆ ಕೇಳಿದಳು.

“ಅವರು ನಮಗ ಏನಾಗಬೇಕ್ರಿ, ನೀರು ಹಾಕ್ಕೊಳ್ಳಿಕ್ಕೆ?”

“ಅಕ್ಕ” ಎಂದೆ. ಆಕೆ ಮತ್ತೆ ಕೇಳಲಿಲ್ಲ, ಒಣ ಪಂಚೆ ತಂದಿಟ್ಟಳು.

ತಲೆಯ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಬಾಗಿಲಲ್ಲಿ ಕೋಟು ತೊಟ್ಟ ಒಬ್ಬ ಸ್ಟೆನೋ ನಿಂತಿದ್ದ. ನನಗಿಂತ ಮೊದಲೇ ಸುದ್ದಿ ಮುಟ್ಟಿದ್ದ ಹುದ್ದಾರ ಪ್ರೊಫೆಸರರು ಕಳಿಸಿದ್ದರು. ಭಾಗೀರಥಿಬಾಯಿಯವರ ಸ್ಮರಣಸಂಚಿಕೆ ಬರುತ್ತದಂತೆ. ನನ್ನಿಂದ ನಾಲ್ಕು ಮಾತು ಬೇಕಂತೆ.

“ಅವರ ಕೊನೀ ಮಾತು, ಕೊನೀ ಪತ್ರ ಏನರೆ ನಿಮ್ಮ ಕಡೆ ಅದ ಏನ್ರಿ?”

“ಇಲ್ಲ.”

“ನೆನಪಿದ್ದಷ್ಟು ಹೇಳ್ರಿ. ಉಳಿದದ್ದು ಸಾಹೇಬ್ರು ತುಂಬಸ್ತಾರ.”

ಪಾಪ, ಹುಡುಗನ ತಪ್ಪಲ್ಲ. ಅವನಿಗೆ ಹೀಗೆಯೇ ಕಲಿಸಿದ್ದಾರೆ. ನಾನು ಉತ್ತರ ಕೊಡಲಿಲ್ಲ. ಅವನು ಪ್ಯಾಡ್ ತೆರೆದು, ಪೆನ್ಸಿಲ್ ಹಿಡಿದು ಕಾದ. ಕೊನೆಗೆ, “ಏನು ಬರೀಲ್ರಿ?” ಎಂದ.

“ಮುದುಕ ಸುಮ್ಮನಿದ್ದ ಅಂತ ಬರಿ” ಎಂದು ಬಾಗಿಲು ಹಾಕಿಕೊಂಡೆ.

ಸಂಚಿಕೆ ಮೊನ್ನೆ ಟಪಾಲಿನಲ್ಲಿ ಬಂತು. ನನ್ನ ಹೆಸರಿನಲ್ಲಿ ಅರ್ಧ ಪುಟ ಇದೆ. ಪೂರ್ವದ ಬೆಳಕನ್ನು ಪಡುವಣಕ್ಕೆ ಒಯ್ದ ಮಹಾತಾಯಿ ಎಂದು ನಾನು ಭಾಗಕ್ಕನನ್ನು ಕೊಂಡಾಡಿದ್ದೇನಂತೆ. ಕೊನೆಯಲ್ಲಿ ಒಂದು ಸಾಲು: ‘ಇಷ್ಟು ಹೇಳುವಾಗ ರಾಘಣ್ಣನವರ ಕಣ್ಣು ಒದ್ದೆಯಾಗಿದ್ದವು.’

ಕಣ್ಣು ಒಣಗಿದ್ದವು. ಒದ್ದೆಯಾಗಿದ್ದದ್ದು ತಲೆ.